ವರ್ಷದ ಮಂಡಿ

ಮಾನ್ಯ ಅಧ್ಯಕ್ಷರೇ, ಎರಡೂ ಮಂಡಿ ಬದಲಾಯಿಸಿಕೊಂಡ ಕಾರಣಕ್ಕೆ ನಮ್ಮ ಹೊಸ ಮಂಡಿ ಬಳಗದಲ್ಲಿ ಎರಡು ಮತಗಳ ಅಧಿಕಾರ ಪಡೆದಿರುವ ನಿವೃತ್ತ ರೈಲ್ವೆ ಗಾರ್ಡ್ ಅವರೇ; ವಾಕರಿನ ಕಾಲುಗಳಿಗೆ ಹಾಕುವ ರಬ್ಬರ್ ಬುಶ್ಶುಗಳನ್ನು ತಯಾರಿಸಿ ನಮ್ಮೆಲ್ಲರನ್ನೂ ಜಾರದಂತೆ ಹಿಡಿದಿಟ್ಟಿರುವ ಮುಖ್ಯ ಅತಿಥಿಗಳೇ; ನಮ್ಮ ಮೂಳೆ ಡಾಕ್ಟರೇ; ಆಸ್ಪತ್ರೆಯ ವ್ಯಾಯಾಮ ಕೊಠಡಿಯ ಒಡತಿ, ನಾವೆಲ್ಲ ಹಿಂದಿನಿಂದ ‘ಇನ್ನೊಂದ್ ಹತ್ತು ಮೇಡಂ’ ಎಂದು ಕರೆಯುವ, ಮುಂದಿನಿಂದ ಏನೂ ಕರೆಯಲು ಧೈರ್ಯ ಸಾಲದ ಫಿಸಿಯೋಥೆರಪಿಸ್ಟ್ ಅವರೇ; ಮುಂದಿನ ಸಾಲಿನಲ್ಲಿ ಒಂದು ಕುರ್ಚಿಯಲ್ಲಿ ತಾವೂ ಇನ್ನೊಂದು ಕುರ್ಚಿಯಲ್ಲಿ ತಮ್ಮ ಕಾಲೂ ಕೂತಿರುವ ನನ್ನ ಷಡ್ಡಕರಾದ ನಿವೃತ್ತ ಡ್ರಿಲ್ ಮಾಸ್ಟರ್ ಅವರೇ; ಮೂರನೇ ಸಾಲಿನಲ್ಲಿ ಕೂತು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿರುವ ನನ್ನ ಧರ್ಮಪತ್ನಿಯೇ; ಹಾಗೂ ಕೂತಿರುವ, ಕೂರಲಾಗದೆ ನಿಂತಿರುವ, ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಎದ್ದೇಳಬೇಕಲ್ಲ ಎಂದು ಈಗಿನಿಂದಲೇ ಪ್ರಯತ್ನ ಆರಂಭಿಸಿರುವ ಸಮಸ್ತ ಸಭಿಕರೇ,

ಮೊದಲಿಗೆ ಒಂದು ಕೃತಜ್ಞತೆ. ನನ್ನನ್ನು ವೇದಿಕೆಗೆ ಕರೆದಾಗ ತಾವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ. ಬೇರೆ ಸಭೆಗಳಲ್ಲಿ ಇದು ಕ್ಷಣದ ಕೆಲಸ. ನಮ್ಮಲ್ಲಿ ನಾಲ್ಕು ನಿಮಿಷ ಹಿಡಿಯಿತು. ಹಿಂದಿನ ಸಾಲಿನವರು ಎದ್ದು ಮುಗಿಸುವಷ್ಟರಲ್ಲಿ ಮುಂದಿನ ಸಾಲಿನವರು ಕೂರಲು ಶುರು ಮಾಡಿದ್ದರು. ಅವರನ್ನು ನೋಡಿ ಹಿಂದಿನವರು ಕೂತರು. ಹಿಂದಿನವರು ಕೂತದ್ದನ್ನು ನೋಡಿ, ಅವಸರ ಮಾಡಿಬಿಟ್ಟೆವೇನೋ ಎಂದು ಮುಂದಿನವರು ಮತ್ತೆ ಎದ್ದರು. ನನ್ನ ನಿಮಿತ್ತವಾಗಿ ಇಷ್ಟು ವ್ಯಾಯಾಮ ಆಯಿತಲ್ಲ, ಮೇಡಂ ಅವರಿಗಾದರೂ ಸಂತೋಷವಾಗಿರಬೇಕು.

ವೇದಿಕೆಯ ಮೂರು ಮೆಟ್ಟಿಲು ಹತ್ತುವಾಗ ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನಿರೂಪಕರು ಗಮನಿಸಿ, ‘ಸನ್ಮಾನಿತರು ಭಾವುಕರಾಗಿದ್ದಾರೆ’ ಎಂದು ಮೈಕಿನಲ್ಲಿ ಹೇಳಿದರು. ಅವರಿಗೂ ವಂದನೆ. ಆ ಕಣ್ಣೀರಿನ ವಿಚಾರಕ್ಕೆ ಆಮೇಲೆ ಬರುತ್ತೇನೆ. ಬರದಿದ್ದರೂ ನಡೆಯುತ್ತದೆ.

ಈ ‘ವರ್ಷದ ಮಂಡಿ’ ಪ್ರಶಸ್ತಿಯನ್ನು ನಾನು ವಿನಮ್ರನಾಗಿ ಸ್ವೀಕರಿಸಿದ್ದೇನೆ. ಪ್ರಶಸ್ತಿ ಸಂದಿರುವುದು ಮಂಡಿಗೆ. ಹಾಗಿರುವಾಗ ಪದಕವನ್ನು ಕೊರಳಿಗೆ ಹಾಕುವುದು ನ್ಯಾಯವೇ ಎಂಬ ಪ್ರಶ್ನೆ ಕಾರ್ಯಕಾರಿ ಸಮಿತಿಯಲ್ಲಿ ಎದ್ದಿತಂತೆ. ಎರಡು ಸಭೆ ನಡೆದು, ಹನ್ನೊಂದು ಮಂಡಿಗಳು ಪರವಾಗಿ, ಏಳು ಮಂಡಿಗಳು ವಿರೋಧವಾಗಿ ಮತ ಹಾಕಿ, ಪದಕವನ್ನು ಮಂಡಿಗೇ ಕಟ್ಟತಕ್ಕದ್ದು ಎಂದು ತೀರ್ಮಾನವಾಯಿತು. ಅದರಂತೆ ಮುಖ್ಯ ಅತಿಥಿಗಳು ಬಗ್ಗಿ, ನನ್ನ ಬಲ ಮಂಡಿಗೆ ರಿಬ್ಬನ್ ಕಟ್ಟಿದ್ದಾರೆ. ಬಗ್ಗಿದ ಅವರನ್ನು ಎತ್ತಲು ಇಬ್ಬರು ಬೇಕಾದರು. ಯಾವ ಮಂಡಿಗೆ ಕಟ್ಟಬೇಕೆಂಬುದನ್ನು ನಮ್ಮ ಕಾರ್ಯದರ್ಶಿಗಳು ನನ್ನ ಹಿಂದೆ ತೂಗುಹಾಕಿರುವ ಈ ಬ್ಯಾನರಿನ ಫೋಟೊ ನೋಡಿ ಖಚಿತಪಡಿಸಿಕೊಂಡರು. ಕಾರ್ಯದರ್ಶಿ ಎಂದರೆ ಹೀಗಿರಬೇಕು.

ನಾನು ಎರಡೇ ಪುಟದ ಭಾಷಣ ಬರೆದುಕೊಂಡು ಬಂದಿದ್ದೇನೆ. ಮೊದಲ ಪುಟ ಓದುತ್ತೇನೆ.

‘ಅಳತೆ ಎಂದರೇನು? ಅಳತೆ ಎಂದರೆ ಸತ್ಯ. ಅಳತೆ ಎಂದರೆ ನಂಬಿಕೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ಮೂವತ್ತನಾಲ್ಕು ವರ್ಷ ಸೇವೆ ಸಲ್ಲಿಸಿದ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತಟ್ಟೆಯ ಕೆಳಗೆ ಅಯಸ್ಕಾಂತ ಅಂಟಿಸಿದ ತಕ್ಕಡಿ ನಾನು ಹಿಡಿದಿದ್ದೇನೆ. ತಳ ಎತ್ತರಿಸಿದ ಲೀಟರು ಹಿಡಿದಿದ್ದೇನೆ. ತೊಂಬತ್ತೆಂಟು ಸೆಂಟಿಮೀಟರಿನ ಮೀಟರು ಹಿಡಿದಿದ್ದೇನೆ. ಹಿಡಿದಾಗಲೆಲ್ಲ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಏನಪ್ಪಾ, ನಿನಗೆ ನಾಚಿಕೆ ಆಗೋದಿಲ್ವಾ? ಇಂಥ ನನಗೆ, ಶಸ್ತ್ರಚಿಕಿತ್ಸೆಯಾದ ಹನ್ನೊಂದನೇ ದಿನಕ್ಕೆ ನೂರ ಮೂವತ್ತೆರಡು ಡಿಗ್ರಿ ಮಂಡಿ ಮಡಿಸಿದ್ದಕ್ಕಾಗಿ ಸನ್ಮಾನ ದೊರೆತಿರುವುದು ಅಳತೆಗೇ ದೊರೆತ ಸನ್ಮಾನವೆಂದು ಭಾವಿಸುತ್ತೇನೆ.’

ಚಪ್ಪಾಳೆಗೆ ವಂದನೆಗಳು. ಭಾವ, ನೀವು ಅಷ್ಟು ಜೋರಾಗಿ ತಟ್ಟಬೇಡಿ, ಕಾಲು ಅಲುಗುತ್ತದೆ.

ಈಗ ಎರಡನೇ ಪುಟ. ‘ಹನ್ನೊಂದನೇ ದಿನ. ಎಡ ಐವತ್ತಮೂರು, ಬಲ ನೂರ ಮೂವತ್ತೆರಡು. ಹನ್ನೆರಡನೇ ದಿನ. ಎಡ ಐವತ್ತಮೂರು, ಅತ್ತರು. ಹದಿಮೂರನೇ ದಿನ...’

ಕ್ಷಮಿಸಿ. ಇದು ನನ್ನ ಎರಡನೇ ಪುಟ ಅಲ್ಲ.

ಇದು ಯಾವುದೋ ಹಳೆಯ ನೋಟ್‌ಬುಕ್ಕಿನ ಹಾಳೆ. ನನ್ನ ಪತ್ನಿ ದರ್ಜಿ ಕೆಲಸ ಮಾಡುತ್ತಾಳೆ, ಇದು ಯಾರದೋ ಅಂಗಿಯ ಅಳತೆ ಇರಬೇಕು. ಎಡಕ್ಕೆ ಐವತ್ತಮೂರು, ಬಲಕ್ಕೆ ನೂರ ಮೂವತ್ತೆರಡು ಇರುವ ಅಂಗಿ ಯಾರಿಗೆ ಎಂದು ತಾವು ಕೇಳಬಹುದು. ಅಳತೆ ಕೊಡುವಾಗ ಗಿರಾಕಿ ಅತ್ತದ್ದೇಕೆ ಎಂದೂ ಕೇಳಬಹುದು. ಬೆಳಿಗ್ಗೆ ನನ್ನ ಕೋಟಿಗೆ ಇಸ್ತ್ರಿ ಮಾಡಿಕೊಟ್ಟವಳು ಅವಳು. ಜೇಬಿನಲ್ಲಿ ಭಾಷಣ ಇಟ್ಟವಳೂ ಅವಳು. ಈಗ ನೋಡಿದರೆ ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಕೈಚೀಲದೊಳಗೆ ಏನೋ ಹುಡುಕುತ್ತಿದ್ದಾಳೆ. ಮೂವತ್ತಾರು ವರ್ಷದ ಸಂಸಾರ, ಅವಳು ಆ ಚೀಲದಲ್ಲಿ ಏನನ್ನೂ ಹುಡುಕಿದ್ದನ್ನು ನಾನು ಕಂಡಿಲ್ಲ. ಯಾವ ಸೂಜಿ ಎಲ್ಲಿದೆ ಎಂದು ಅವಳ ಕೈಗೇ ಗೊತ್ತು.

ಇರಲಿ. ಬರೆದದ್ದು ಇಲ್ಲದಿದ್ದರೇನು, ಬಾಯಲ್ಲೇ ಹೇಳುತ್ತೇನೆ. ನನ್ನ ಭಾವನವರ ಬಗ್ಗೆ ಎರಡು ಮಾತು ಹೇಳಲೇಬೇಕು. ಎರಡನೇ ಪುಟದಲ್ಲಿ ಅವರ ವಿಚಾರ ಇರಲಿಲ್ಲ. ಅದೇ ತಪ್ಪಾಗಿದ್ದು ಅಂತ ಕಾಣುತ್ತದೆ.

ಇವರು ನನ್ನ ಪತ್ನಿಯ ಅಕ್ಕನ ಗಂಡ. ನನಗಿಂತ ಎರಡು ವರ್ಷ ದೊಡ್ಡವರು, ಎರಡು ಇಂಚು ಎತ್ತರ, ಎಲ್ಲದರಲ್ಲೂ ಎರಡು ಹೆಜ್ಜೆ ಮುಂದೆ. ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಮಾಸ್ಟರ್ ಆಗಿ ಸಾವಿರಾರು ಮಕ್ಕಳ ಮಂಡಿ ಬಗ್ಗಿಸಿದವರು. ನನ್ನನ್ನು ಮೊದಲ ಸಲ ನೋಡಿದ ದಿನವೇ, ‘ಏನಯ್ಯಾ, ಬೆನ್ನು ನೆಟ್ಟಗೆ ಮಾಡು, ಹೆಣ್ಣು ನೋಡೋಕೆ ಬಂದಿದ್ದೀಯೋ ಕಳೆದುಹೋದ ಕಾಸು ಹುಡುಕೋಕೆ ಬಂದಿದ್ದೀಯೋ’ ಅಂದರು. ಅಂದಿನಿಂದ ಇಂದಿನವರೆಗೆ ನಾನು ಬೆನ್ನು ನೆಟ್ಟಗೆ ಮಾಡುತ್ತಲೇ ಇದ್ದೇನೆ. ನಿವೃತ್ತಿಯಾದ ಮೇಲೆ ಪ್ರತಿ ಸಂಜೆ ಉದ್ಯಾನದ ಮೂರು ಸುತ್ತು ಒಟ್ಟಿಗೆ ನಡೆಯುತ್ತಿದ್ದೆವು. ನಡೆಯುತ್ತಿದ್ದೆವು ಎನ್ನುವುದಕ್ಕಿಂತ, ಒಬ್ಬರನ್ನೊಬ್ಬರು ಓಡಿಸುತ್ತಿದ್ದೆವು. ಬೆಂಚಿನ ಮೇಲೆ ಕೂತು, ಯಾರು ಮೊದಲು ಮುಟ್ಟಿದ್ದು ಎಂದು ಕತ್ತಲಾಗುವವರೆಗೆ ಜಗಳ ಆಡುತ್ತಿದ್ದೆವು. ಇಬ್ಬರ ಮಂಡಿಯೂ ಹಾಳಾಗಿದ್ದು ಹಾಗೆಯೇ ಎಂದು ನಮ್ಮ ಹೆಂಡತಿಯರ ಅಭಿಪ್ರಾಯ.

ಡಾಕ್ಟರು, ‘ಇಬ್ಬರಿಗೂ ಮಂಡಿ ಬದಲಾಯಿಸಬೇಕು. ಯಾರು ಮೊದಲು?’ ಅಂದರು. ‘ನಾನು’ ಅಂದರು ಭಾವ. ‘ನಾನು’ ಅಂದೆ ನಾನು. ಕೊನೆಗೆ ಒಂದೇ ದಿನ ಎರಡೂ ಮಾಡಿ ಒಂದೇ ಕೋಣೆಯಲ್ಲಿ ಹಾಕಿದರು. ಅವರದು ಬಲಗಾಲು, ನನ್ನದು ಎಡಗಾಲು. ನಡುವೆ ಅಕ್ಕ ತಂಗಿ ಒಂದೊಂದು ಕುರ್ಚಿ ಹಾಕಿಕೊಂಡು, ನಮ್ಮ ಕಡೆ ಬೆನ್ನು ಮಾಡಿ ಹರಟೆ ಹೊಡೆಯುತ್ತಿದ್ದರು. ಅವರಿಬ್ಬರಿಗೂ ಅದು ವರ್ಷಗಳ ನಂತರ ಸಿಕ್ಕ ರಜೆ.

ನನ್ನದು ಎಡಗಾಲು ಅಂದೆನೇ? ಹೌದು, ಅಂದುಬಿಟ್ಟೆ. ಮುಂದುವರಿಸುತ್ತೇನೆ.

ಆ ಮೊದಲ ದಿನಗಳು ತಮಗೆಲ್ಲ ಗೊತ್ತು. ಮರುದಿನ ಬೆಳಿಗ್ಗೆ ಮೇಡಂ ಬಂದು, ‘ಎದ್ದೇಳಿ ಸರ್, ನಿಂತ್ಕೊಳ್ಳೋಣ’ ಎಂದಾಗ ಅವರು ತಮಾಷೆ ಮಾಡುತ್ತಿದ್ದಾರೆಂದು ಯಾರು ತಾನೇ ಅಂದುಕೊಂಡಿಲ್ಲ? ವಾಕರ್ ಹಿಡಿದು ಬಾಗಿಲವರೆಗಿನ ಆರು ಹೆಜ್ಜೆ ಹೋಗಿಬರುವಷ್ಟರಲ್ಲಿ ಯಾರು ತಾನೇ ತಮ್ಮ ವಿಲ್ ಬಗ್ಗೆ ಯೋಚಿಸಿಲ್ಲ? ಪಾದ ಮೇಲೆ, ಪಾದ ಕೆಳಗೆ. ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಒತ್ತು, ಐದು ಎಣಿಸು, ಬಿಡು, ಸುರುಳಿ ತೆಗೆ. ಪೌಡರ್ ಹಾಕಿದ ಹಲಗೆಯ ಮೇಲೆ ಹಿಮ್ಮಡಿ ಜಾರಿಸು. ಐಸ್ ಚೀಲ ಇಡು. ಮತ್ತೆ ಮೊದಲಿಂದ. ‘ಆಯ್ತು ಮೇಡಂ’ ಎಂದರೆ ‘ಗುಡ್, ಇನ್ನೊಂದ್ ಹತ್ತು’. ‘ಆಗಲ್ಲ ಮೇಡಂ’ ಎಂದರೂ ‘ಗುಡ್, ಇನ್ನೊಂದ್ ಹತ್ತು’. ಹಿಮ್ಮಡಿಯ ಕೆಳಗೆ ದಿಂಬು ಇಡಬಹುದು, ಮಂಡಿಯ ಕೆಳಗೆ ದಿಂಬು ಇಟ್ಟು ಮಲಗಲೇಬಾರದು ಎಂಬುದು ಅವರ ಕಟ್ಟಪ್ಪಣೆ. ಮಂಡಿಯ ಕೆಳಗೆ ದಿಂಬು ಇಟ್ಟರೆ ಎಷ್ಟು ಹಿತ ಎಂದು ಗೊತ್ತಿದ್ದವರಿಗೆ ಮಾತ್ರ ಆ ಅಪ್ಪಣೆಯ ಕ್ರೌರ್ಯ ಅರ್ಥವಾದೀತು. ಹಿತ ಅಂತ ಇಟ್ಟರೆ ಮಂಡಿ ಹಾಗೇ ಬಿಗಿದುಕೊಳ್ಳುತ್ತದೆ.

ಮನೆಗೆ ಬಂದ ಮೇಲೆ ದಿನಾ ಬೆಳಿಗ್ಗೆ ವ್ಯಾಯಾಮ ಕೊಠಡಿಗೆ ಬರುತ್ತಿದ್ದೆವು, ಅವರು ಎಂಟಕ್ಕೆ, ನಾನು ಹತ್ತಕ್ಕೆ. ಎರಡು ಉದ್ದ ಕೈಗಳಿರುವ ಕೋನಮಾಪಕ ಇಟ್ಟು ಅಳೆಯುತ್ತಿದ್ದರು. ಕಾಲು ಚಾಚಿದರೆ ಸೊನ್ನೆ, ಕುರ್ಚಿಯಲ್ಲಿ ಕೂತಂತೆ ಮಡಿಸಿದರೆ ತೊಂಬತ್ತು. ಅಳೆದದ್ದನ್ನು ಗೋಡೆಯ ಬೋರ್ಡಿನ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದರು. ಭಾವ ಮನೆಗೆ ಹೋಗಿ ಫೋನ್ ಮಾಡುತ್ತಿದ್ದರು. ‘ನಲವತ್ತೊಂಬತ್ತು. ನಿಂದೆಷ್ಟಯ್ಯಾ?’ ನನ್ನದು ನಲವತ್ತನಾಲ್ಕು. ‘ಐವತ್ತೆಂಟು. ನಿಂದೆಷ್ಟು?’ ನನ್ನದು ಐವತ್ತೆರಡು. ‘ಪರವಾಗಿಲ್ಲ ಬಿಡು, ನೀನು ಆಫೀಸಿನವನು’ ಎನ್ನುತ್ತಿದ್ದರು. ಸಭಿಕರೇ, ಆ ‘ಪರವಾಗಿಲ್ಲ ಬಿಡು’ ಅನ್ನೋದಿದೆಯಲ್ಲ, ಅದು ಶಸ್ತ್ರಚಿಕಿತ್ಸೆಗಿಂತ ಆಳಕ್ಕೆ ಹೋಗುತ್ತದೆ.

ಹನ್ನೊಂದನೇ ದಿನ ಮೇಡಂ ಇರಲಿಲ್ಲ. ಮೆಟ್ಟಿಲ ಮೇಲೆ ಜಾರಿ ಅವರ ಪಾದ ಉಳುಕಿ ಮೂರು ವಾರ ರಜೆ ಹಾಕಿದ್ದರು. ಮೆಟ್ಟಿಲು ಹೇಗೆ ಹತ್ತಬೇಕೆಂದು ನಮಗೆ ಹೇಳಿಕೊಡುವವರು ಮೆಟ್ಟಿಲ ಮೇಲೆ ಹೇಗೆ ಜಾರಿದರು ಎಂದು ನಾನು ಕೇಳುವುದಿಲ್ಲ, ಆ ಸ್ಥಾನದಲ್ಲಿ ನಾನಿಲ್ಲ. ಬದಲಿಗೆ ಬೇರೆ ಶಾಖೆಯಿಂದ ಒಬ್ಬ ಹಿರಿಯ ಫಿಸಿಯೋ ಬಂದಿದ್ದಾರೆ ಎಂದು ತಿಳಿಯಿತು. ನಾನು ಆಸ್ಪತ್ರೆಯ ಶೌಚಾಲಯಕ್ಕೆ ಹೋದೆ. ಚೀಲದಲ್ಲಿ ಇನ್ನೊಂದು ಕ್ರೇಪ್ ಬ್ಯಾಂಡೇಜ್ ಇತ್ತು. ಅದನ್ನು ಬಲ ಮಂಡಿಗೆ ಸುತ್ತಿದೆ. ಎಡಗಾಲಿನ ಪೈಜಾಮ ಪೂರ್ತಿ ಕೆಳಗೆ ಬಿಟ್ಟೆ, ಬಲಗಾಲಿನದನ್ನು ಮೇಲಕ್ಕೆ ಮಡಿಸಿದೆ.

‘ಯಾವ ಕಾಲು ಸರ್?’ ಎಂದು ಕೇಳಿದರು ಆತ. ‘ಬ್ಯಾಂಡೇಜ್ ಕಾಣ್ತಾ ಇಲ್ವಾ?’ ಅಂದೆ. ತಾವು ದಯವಿಟ್ಟು ಗಮನಿಸಬೇಕು. ನಾನು ಸುಳ್ಳು ಹೇಳಲಿಲ್ಲ, ಒಂದು ಪ್ರಶ್ನೆ ಕೇಳಿದೆ. ಅಯಸ್ಕಾಂತದ ತಕ್ಕಡಿಯವನೂ ನನಗೆ ಇದನ್ನೇ ಹೇಳಿದ್ದ: ‘ಸ್ವಾಮಿ, ನಾನೆಲ್ಲಿ ಸುಳ್ಳು ಹೇಳ್ದೆ, ಮುಳ್ಳು ತಾನೇ ಹೇಳಿದ್ದು?’ ಅಂತ. ಅವತ್ತು ನಾನು ಎಷ್ಟು ಕೂಗಾಡಿದ್ದೆ ಎಂದರೆ ಎದುರು ಅಂಗಡಿಯವನೂ ಬಾಗಿಲು ಹಾಕಿಕೊಂಡಿದ್ದ.

ನನ್ನ ಉದ್ದೇಶ ಇದ್ದದ್ದು ಅರವತ್ತೈದು. ಭಾವನಿಗಿಂತ ಏಳೇ ಏಳು ಜಾಸ್ತಿ. ಅಲ್ಲಿಗೆ ‘ಅಮ್ಮಾ’ ಎಂದು ನಿಲ್ಲಿಸಿಬಿಡುವುದು ಎಂದುಕೊಂಡಿದ್ದೆ. ಆದರೆ ಆತ ‘ಮಡಿಸಿ ಸರ್’ ಎಂದದ್ದೇ ತಡ, ಆ ಒಳ್ಳೇ ಕಾಲು ಹಿಮ್ಮಡಿ ತೊಡೆಗೆ ತಾಗುವ ಹತ್ತಿರ ಬರುವವರೆಗೆ ಸಲೀಸಾಗಿ ಮಡಿಸಿಕೊಂಡುಬಿಟ್ಟಿತು. ಅದಕ್ಕೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ‘ಅಮ್ಮಾ’ ಅನ್ನುವುದು ನನಗೆ ಮರೆತೇಹೋಯಿತು. ಆತ ಅಳೆದರು. ಇನ್ನೊಮ್ಮೆ ಅಳೆದರು. ಪಕ್ಕದ ಕೊಠಡಿಯಿಂದ ಜನ ಕರೆದರು. ಫೋಟೊ ತೆಗೆದರು. ಅದೇ ಈ ಫೋಟೊ.

ಆಮೇಲೆ ನಡೆದದ್ದೆಲ್ಲ ನನ್ನ ಕೈಮೀರಿತು. ಬೋರ್ಡಿನಲ್ಲಿ ನೂರ ಮೂವತ್ತೆರಡರ ಸುತ್ತ ಕೆಂಪು ವೃತ್ತ ಬಂತು. ಡಾಕ್ಟರು ಯಾವುದೋ ಡಾಕ್ಟರುಗಳ ಕೂಟದಲ್ಲಿ ನನ್ನ ಮಂಡಿಯ ಬಗ್ಗೆ ಹತ್ತು ನಿಮಿಷ ಮಾತಾಡಿದರಂತೆ, ಊಟಕ್ಕೆ ಹೊತ್ತಾಯಿತೆಂದು ನಿಲ್ಲಿಸಬೇಕಾಯಿತಂತೆ. ಎಡಗಾಲಿನ ಹೊಲಿಗೆ ಬಿಚ್ಚಿದ್ದು ಡ್ರೆಸಿಂಗ್ ವಿಭಾಗದವರು. ಬಲಗಾಲಿನ ಕೀರ್ತಿ ಇದ್ದದ್ದು ವ್ಯಾಯಾಮ ವಿಭಾಗದಲ್ಲಿ. ಆ ಎರಡೂ ಫೈಲುಗಳು ಎಂದೂ ಮುಖಾಮುಖಿ ಆಗಲಿಲ್ಲ. ಡಾಕ್ಟರೂ, ಆಮೇಲೆ ರಜೆಯಿಂದ ಬಂದ ಮೇಡಂ ಕೂಡ ನೋಡಿದ್ದು ಬೋರ್ಡಿನ ಅಂಕಿಯನ್ನು, ಅಲ್ಲಿ ಯಾವ ಕಾಲೆಂದು ಬರೆದಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ‘ಇವರಿಗೆ ಇನ್ನು ವ್ಯಾಯಾಮದ ಅಗತ್ಯವಿಲ್ಲ’ ಎಂದು ಬರೆದು, ಸಹಿ ಹಾಕಿ, ಕೈಕುಲುಕಿ, ನನ್ನನ್ನು ಮನೆಗೆ ಕಳಿಸಿದರು.

ಐವತ್ತಮೂರು ಡಿಗ್ರಿ ಎಡಗಾಲು ಇಟ್ಟುಕೊಂಡು ಮನೆಗೆ ಬಂದೆ, ಸಭಿಕರೇ. ಶೌಚಕ್ಕೆ ಕೂರಬೇಕಾದರೆ ಆ ಕಾಲನ್ನು ಬಾಗಿಲಾಚೆ ಚಾಚಬೇಕಾಗುತ್ತಿತ್ತು. ಬಾಗಿಲು ಮುಚ್ಚುವಂತಿರಲಿಲ್ಲ. ದಾಖಲೆ ವೀರನ ಖಾಸಗಿ ಜೀವನ ಹೀಗಿತ್ತು. ಹೊರಗೆ ಹೋದರೆ ಬಲಗಾಲು ಕುಂಟಬೇಕು, ಒಳಗೆ ಬಂದರೆ ಎಡಗಾಲು ಕುಂಟಬೇಕು. ಹೊಸ್ತಿಲಲ್ಲಿ ಕಾಲು ಬದಲಾಯಿಸುವಾಗ ಎರಡು ಸಲ ಬಿದ್ದೆ. ಬಲ ಮಂಡಿಗೂ ಈಗ ನಿಜವಾಗಿಯೇ ನೋವು ಶುರುವಾಗಿದೆ.

ನನ್ನ ಪತ್ನಿ ಮೊದಲ ದಿನವೇ ಬಲಗಾಲಿನ ಬ್ಯಾಂಡೇಜ್ ನೋಡಿದಳು. ಬೈಯಲಿಲ್ಲ. ಕೈಯಲ್ಲಿದ್ದ ಬಟ್ಟೆಗೆ ಗುಂಡಿ ಹೊಲಿದು ಮುಗಿಸಿ, ದಾರ ಕಚ್ಚಿ ತುಂಡುಮಾಡಿ, ‘ಸೊಂಟದ ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳ್ಕೊಳ್ಳೋರನ್ನ ನಾನು ದಿನಾ ನೋಡ್ತೀನಿ ಕಣ್ರೀ. ನಾನೇನೂ ಅನ್ನಲ್ಲ. ಬಟ್ಟೆ ಹಾಕ್ಕೊಳ್ಳೋವಾಗ ಅವರಿಗೇ ಗೊತ್ತಾಗತ್ತೆ’ ಅಂದಳು. ಅವತ್ತೇ ಸಂಜೆ ಅಂಗಡಿಯಿಂದ ಮಕ್ಕಳ ಕಂಪಾಸು ಪೆಟ್ಟಿಗೆಯ ಕೋನಮಾಪಕ ತಂದಳು. ಹೊಲಿಗೆ ಯಂತ್ರದ ಪಕ್ಕ ಚಾಪೆ ಹಾಸಿದಳು. ಹಲಗೆಗೆ ಪೌಡರ್ ಹಾಕಿದಳು. ದಿನಕ್ಕೆ ಮೂರು ಹೊತ್ತು, ಐದು ವಾರ. ಎಂಥವಳೆಂದರೆ ‘ಇನ್ನೊಂದ್ ಹತ್ತು’ ಎನ್ನುವುದಿಲ್ಲ. ಸುಮ್ಮನೆ ಹತ್ತು ಎಣಿಸಿ ಮುಗಿದ ಮೇಲೆ ಮತ್ತೆ ಒಂದರಿಂದ ಎಣಿಸುತ್ತಾಳೆ.

ಈ ಹಾಳೆ ಅದೇ. ಅಂಗಿಯ ಅಳತೆ ಅಲ್ಲ. ‘ಇಪ್ಪತ್ತನೇ ದಿನ, ಎಡ ಅರವತ್ತು, ನನ್ನ ಕೈ ಕಚ್ಚೋಕೆ ಬಂದ್ರು. ಇಪ್ಪತ್ತೊಂಬತ್ತನೇ ದಿನ, ಎಡ ಎಪ್ಪತ್ತೊಂದು. ಮೂವತ್ತಾರನೇ ದಿನ, ಎಡ ಎಪ್ಪತ್ತೊಂಬತ್ತು, ಸ್ವಲ್ಪ ನಕ್ಕರು. ನಿನ್ನೆ, ಎಡ ಎಂಬತ್ತೆಂಟು.’

ಅದರ ಕೆಳಗೆ ಇನ್ನೊಂದು ಸಾಲು ಇದೆ. ಸೀಮೆಸುಣ್ಣದಲ್ಲಿ ಬರೆದಿದ್ದಾಳೆ, ಬಟ್ಟೆಯ ಮೇಲೆ ಗುರುತು ಹಾಕುವ ನೀಲಿ ಸೀಮೆಸುಣ್ಣ. ‘ಭಾವ, ನಲವತ್ತು.’

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳುತ್ತೇನೆ. ಹನ್ನೊಂದನೇ ದಿನ ಭಾವನ ಫೋನ್ ಬಂತು. ‘ಅರವತ್ತು. ನಿಂದೆಷ್ಟಯ್ಯಾ?’ ಅಂದರು. ‘ನೂರ ಮೂವತ್ತೆರಡು’ ಅಂದೆ. ‘ಇನ್ನೊಂದ್ಸಲ ಹೇಳು’ ಅಂದರು. ಹೇಳಿದೆ. ಆಮೇಲೆ, ‘ಭೇಷ್ ಕಣಯ್ಯಾ’ ಅಂದರು. ಮೂವತ್ತಾರು ವರ್ಷದಲ್ಲಿ ನನಗೆ ಅವರು ಭೇಷ್ ಅಂದದ್ದು ಅದೇ ಮೊದಲು. ಅವತ್ತು ನಾನು ಎಷ್ಟು ಹಿಗ್ಗಿದೆ ಎಂದರೆ, ಆ ಭೇಷ್ ಬಂದದ್ದು ಎಂಥ ಗಂಟಲಿಂದ ಎಂದು ಕೇಳಿಸಿಕೊಳ್ಳಲೇ ಇಲ್ಲ.

ಮರುದಿನ ಅವರು ವ್ಯಾಯಾಮಕ್ಕೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಅಕ್ಕ ನನ್ನ ಪತ್ನಿಯ ಹತ್ತಿರ ಬಂದು ಅತ್ತರು. ‘ಒಂದೇ ಮಾತು ಹಿಡ್ಕೊಂಡಿದಾರೆ ಕಣೇ. ಆಫೀಸಿನವನು ಅಷ್ಟು ಮಡಿಸಿದಾನೆ, ನಾನು ಇಷ್ಟು ವರ್ಷ ಮಕ್ಕಳಿಗೆ ಯಾವ ಮುಖ ಇಟ್ಕೊಂಡು ಹೇಳ್ಕೊಟ್ಟೆ, ಇನ್ನು ಇದು ಇಷ್ಟೇ ಅಂತಾರೆ. ಮಂಡಿ ಕೆಳಗೆ ದಿಂಬು ಇಟ್ಕೊಂಡು ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದಾರೆ. ದಿಂಬು ತೆಗೆಯೋಕೆ ಹೋದ್ರೆ ಕೈ ತಳ್ತಾರೆ’ ಅಂದರು. ರಜೆಯಿಂದ ಬಂದ ಮೇಡಂ ಭಾವನ ಮನೆಗೇ ಹೋಗಿ ಬೇಡಿಕೊಂಡು ಬಂದರು, ತೆಗೆಯಲಿಲ್ಲ. ಡಾಕ್ಟರು ಹೋಗಿ ಗದರಿದರು, ತೆಗೆಯಲಿಲ್ಲ. ಡಾಕ್ಟರು ಹೇಳಿದ್ದು ಇಷ್ಟು: ‘ಬರೋ ಸೋಮವಾರದ ಒಳಗೆ ವ್ಯಾಯಾಮಕ್ಕೆ ವಾಪಸ್ ಬರಲಿಲ್ಲ ಅಂದ್ರೆ ಒಳಗೆ ಪೂರ್ತಿ ಬಿಗಿದುಹೋಗತ್ತೆ. ಆಮೇಲೆ ಮತ್ತು ಬರೋ ಇಂಜೆಕ್ಷನ್ ಕೊಟ್ಟು ಮಡಿಸಿದ್ರೂ ಭರವಸೆ ಇಲ್ಲ. ಜೀವಮಾನವೆಲ್ಲ ಕೋಲಿನ ಹಾಗೆ ಇರತ್ತೆ.’ ಇವತ್ತು ಶನಿವಾರ.

‘ನೀವೇ ಹೋಗಿ ಹೇಳಿ ಬನ್ರೀ’ ಎಂದಳು ನನ್ನ ಪತ್ನಿ. ಹೋಗಲಿಲ್ಲ. ಹೋದರೆ ನಾನು ಯಾವ ಕಾಲು ಕುಂಟುತ್ತೇನೆಂದು ಅವರು ನೋಡಿಬಿಡುತ್ತಾರಲ್ಲ. ಒಂದೇ ಕೋಣೆಯಲ್ಲಿ ಮಲಗಿದ್ದವರು, ನನ್ನದು ಎಡಗಾಲು ಎಂದು ಅವರಿಗೆ ಗೊತ್ತು. ಐದು ವಾರ ಅವರ ಮನೆಯ ಕಡೆ ತಲೆ ಹಾಕಲಿಲ್ಲ. ದೊಡ್ಡ ಮನುಷ್ಯನಾಗಿಬಿಟ್ಟ ಎಂದು ಅವರು ಅಂದುಕೊಂಡಿದ್ದರಂತೆ. ಅಂದುಕೊಂಡರೂ ಇವತ್ತು ಬಂದಿದ್ದಾರೆ. ಐದು ವಾರದಲ್ಲಿ ಮೊದಲ ಸಲ ಮನೆ ಬಿಟ್ಟು, ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಮಲಗಿ, ಮಂಡಿಯ ಕೆಳಗಿನ ದಿಂಬು ಸಮೇತ, ನನ್ನ ಸನ್ಮಾನ ನೋಡಲು ಬಂದಿದ್ದಾರೆ. ಈ ಸಭಾಂಗಣದಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಅವರೇ.

ಭಾವ, ನಿಮ್ಮ ಕನ್ನಡಕ ಜೇಬಿನಲ್ಲಿರಬೇಕು, ಹಾಕಿಕೊಳ್ಳಿ. ಸಭಿಕರೇ, ತಾವೂ ನನ್ನ ಹಿಂದಿರುವ ಬ್ಯಾನರ್ ನೋಡಿ. ಆಳೆತ್ತರದ ಮಂಡಿ ಹಾಕಿಸಿದ್ದೀರಿ. ಬ್ಯಾಂಡೇಜಿನ ಮೇಲೆ, ಬ್ಯಾಂಡೇಜಿನ ಕೆಳಗೆ, ಎಲ್ಲಿಯಾದರೂ ಒಂದು ಚೂರು ಊತ ಕಾಣುತ್ತದೆಯೇ? ಹನ್ನೊಂದನೇ ದಿನದ ಮಂಡಿ ಹೇಗಿರುತ್ತದೆ ಎಂದು ಈ ಸಭೆಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಳತೆಯ ಇನ್‌ಸ್ಪೆಕ್ಟರ್ ಆಗಿ ಹೇಳುತ್ತೇನೆ, ಇದು ಅಯಸ್ಕಾಂತ ಅಂಟಿಸಿದ ತಕ್ಕಡಿ. ಏನಪ್ಪಾ, ನಿನಗೆ ನಾಚಿಕೆ ಆಗೋದಿಲ್ವಾ? ಆಗುತ್ತದೆ. ತುಂಬಾ ಆಗುತ್ತದೆ.

ಮೆಟ್ಟಿಲ ಕಣ್ಣೀರಿನ ವಿಚಾರಕ್ಕೆ ಬರುತ್ತೇನೆ ಎಂದಿದ್ದೆ. ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಇದು ಇಲ್ಲಿರುವ ಪ್ರತಿಯೊಬ್ಬರಿಗೂ ಬಾಯಿಪಾಠ. ನೀವೆಲ್ಲ ನನ್ನ ಕಾಲನ್ನೇ ನೋಡುತ್ತಿದ್ದಿರಿ. ಬಲ ಮಂಡಿ ಹೊಸದೆಂದು ಹೇಳಿಕೊಂಡ ಮೇಲೆ ಎಡಗಾಲನ್ನೇ ಮೊದಲು ಇಡಬೇಕಲ್ಲ. ಇಟ್ಟೆ. ಅದೇ ನಿರೂಪಕರು ಕಂಡ ಭಾವುಕತೆ.

ಮೇಡಂ, ನಿಮ್ಮ ಚೀಲದಲ್ಲಿ ಆ ಕೋನಮಾಪಕ ಇಲ್ಲದೆ ನೀವು ಮದುವೆಗೂ ಹೋಗುವುದಿಲ್ಲ ಎಂದು ಕೇಳಿದ್ದೇನೆ. ದಯವಿಟ್ಟು ಮೇಲೆ ಬನ್ನಿ. ನಾನು ಈ ಕುರ್ಚಿಯಲ್ಲಿ ಕೂರುತ್ತೇನೆ. ಒಂದು ನಿಮಿಷ. ಕೂತೆ. ಪೈಜಾಮ ಎತ್ತುತ್ತೇನೆ, ಮಾನ್ಯ ಅಧ್ಯಕ್ಷರು ಕ್ಷಮಿಸಬೇಕು. ಇಗೋ, ಇದು ಹೊಲಿಗೆಯ ಗುರುತು. ಎಡ ಮಂಡಿ. ಅಳೆಯಿರಿ. ಎಲ್ಲಿಗೆ ನಿಲ್ಲುತ್ತದೋ ಅಲ್ಲಿಗೆ ಅಳೆಯಿರಿ. ಅಮ್ಮಾ. ಇದು ನಿಜವಾದ ಅಮ್ಮಾ.

ಎಷ್ಟು ಮೇಡಂ? ಎಂಬತ್ತೇಳು.

ನಿನ್ನೆಗಿಂತ ಒಂದು ಕಮ್ಮಿ. ಹೆದರಿಕೆಗೆ ಬಿಗಿದುಕೊಂಡಿದೆ. ಕಾರ್ಯದರ್ಶಿಗಳು ದಯವಿಟ್ಟು ಎಂಬತ್ತೇಳು ಎಂದು ನಡಾವಳಿಯಲ್ಲಿ ಬರೆದುಕೊಳ್ಳಬೇಕು. ಈ ಪದಕವನ್ನು ಬಿಚ್ಚಿ ಮೇಜಿನ ಮೇಲೆ ಇಡುತ್ತಿದ್ದೇನೆ. ಇದನ್ನು ಯಾರಿಗೆ ಕೊಡಬೇಕೆಂದು ಮಂಡಿಗಳು ಮತ್ತೆ ಮತ ಹಾಕಲಿ.

ಭಾವ, ಮಂಡಿಯೂರಿ ಕ್ಷಮೆ ಕೇಳಬೇಕು. ಡಾಕ್ಟರು ಬೇಡ ಅಂದಿದ್ದಾರೆ. ಆದ್ದರಿಂದ ಕೂತೇ ಕೇಳುತ್ತಿದ್ದೇನೆ. ಅವತ್ತು ನಿಮ್ಮದು ಅರವತ್ತು, ನನ್ನದು ಐವತ್ತಮೂರು. ನೀವೇ ಮುಂದಿದ್ದಿರಿ. ಯಾವಾಗಲೂ ನೀವೇ ಮುಂದೆ. ಇಲ್ಲದ ಒಬ್ಬನ ಹಿಂದೆ ಓಡಿ ಸೋತೆ ಅಂದುಕೊಂಡು ಮಲಗಿಬಿಟ್ಟಿರಿ. ನನಗೆ ಈ ಮನ್ನಣೆ ಬೇಡ, ಆ ಭೇಷ್ ಕೂಡ ಬೇಡ, ವಾಪಸ್ ತಗೊಳ್ಳಿ. ಐದು ವಾರದಿಂದ ನನ್ನ ಹತ್ತಿರ ಜಗಳ ಆಡುವವರು ಯಾರೂ ಇಲ್ಲ. ಉದ್ಯಾನದ ಬೆಂಚಿನ ಹತ್ತಿರ ಹೋಗಿ ನಿಂತು ವಾಪಸ್ ಬರುತ್ತೇನೆ. ನೀವಿಲ್ಲದೆ ಆ ಬೆಂಚಿನಲ್ಲಿ ಕೂರಲಾಗುವುದಿಲ್ಲ, ಭಾವ. ಡಿಗ್ರಿ ಸಾಲದು ಅಂತ ಅಲ್ಲ. ದಯವಿಟ್ಟು ಸೋಮವಾರ ಬನ್ನಿ. ಬೆಳಿಗ್ಗೆ ಎಂಟಕ್ಕೆ. ನಾನೂ ಎಂಟಕ್ಕೇ ಬರುತ್ತೇನೆ, ಪಕ್ಕದ ಹಲಗೆಯಲ್ಲಿ. ನೀವು ನಲವತ್ತರಿಂದ ಶುರು ಮಾಡಿದರೂ...

ಸಭಿಕರೇ, ಗಾಬರಿಯಾಗಬೇಡಿ. ನನಗೆ ಏನೂ ಆಗಿಲ್ಲ. ಮೈಕು ಬಿದ್ದ ಶಬ್ದ ಅದು.

ಒಂದು ದಿಂಬು ಬಂದು ನನ್ನ ಮುಖಕ್ಕೆ ಬಡಿಯಿತು. ಮುಂದಿನ ಸಾಲಿನಿಂದ ಬಂತು. ಗುರಿ ನೋಡಿದರೆ ಡ್ರಿಲ್ ಮಾಸ್ಟರದೇ. ಏನೋ ಬೈಯುತ್ತಿದ್ದಾರೆ, ಮೈಕು ಬಿದ್ದದ್ದರಿಂದ ಪೂರ್ತಿ ಕೇಳಿಸಲಿಲ್ಲ, ಕೇಳಿಸಿದಷ್ಟನ್ನು ಸಭೆಯಲ್ಲಿ ಹೇಳುವಂತಿಲ್ಲ. ನನ್ನ ಅಪ್ಪನ ವಿಚಾರವೂ ಅದರಲ್ಲಿ ಬಂತು. ಬೈಯಿರಿ ಭಾವ, ಬೈಯಿರಿ.

ಆದರೆ ಡಾಕ್ಟರೇ, ಮೇಡಂ, ಅಕ್ಕ, ದಯವಿಟ್ಟು ಎಲ್ಲರೂ ನೋಡಿ. ನನ್ನ ತೊಡೆಯ ಮೇಲೆ ಬಿದ್ದಿರುವುದು ಅವರ ಮಂಡಿಯ ಕೆಳಗಿದ್ದ ದಿಂಬು. ಇನ್ನೂ ಬೆಚ್ಚಗಿದೆ. ಎರಡನೇ ಕುರ್ಚಿ ಖಾಲಿಯಾಗಿದೆ. ಅವರ ಬಲಗಾಲು ನೆಲಕ್ಕೆ ಬಂದಿದೆ.

ಪದಕ ಮೇಜಿನ ಮೇಲಿದೆ, ಅದು ಬಳಗದ್ದು. ಈ ದಿಂಬನ್ನು ಮಾತ್ರ ನಾನು ಯಾರಿಗೂ ವಾಪಸ್ ಕೊಡುವುದಿಲ್ಲ. ಈಗ ಮೂರು ಮೆಟ್ಟಿಲು ಇಳಿಯಬೇಕು, ಎಲ್ಲರೆದುರು ಎಡಗಾಲು ಮೊದಲು ಇಡುತ್ತೇನೆ. ಅವರ ಕೈಗೆ ಸಿಗುವಷ್ಟು ಹತ್ತಿರ ಹೋಗಿ ನಿಲ್ಲಬೇಕು, ಹೊಡೆಯಲು ಅವರು ಎದ್ದೇಳಲೇಬೇಕಾಗುತ್ತದೆ. ಮೇಡಂ ಅವರೇ, ಎಣಿಸಲು ಸಿದ್ಧರಾಗಿ. ನನ್ನ ಎರಡನೇ ಪುಟವನ್ನು ಕದ್ದವಳಿಗೆ ಮೊದಲ ವಂದನೆ, ನನ್ನನ್ನು ನಂಬಿ ಎರಡೆರಡು ಸಲ ಎದ್ದು ಕೂತ ತಮಗೆಲ್ಲ ಉಳಿದ ವಂದನೆ. ನಾನು ಇಳಿಯುತ್ತಿದ್ದೇನೆ, ತಾವು ಯಾರೂ ಏಳಬೇಡಿ. ನಮಸ್ಕಾರ.